ಹೊಸ್ತಿಲಲ್ಲಿ ನನ್ನ ಹೆಸರು ಹೇಳಿದವಳು

ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಸ್ಟುಡಿಯೋ ಅನ್ನುವುದೆಲ್ಲ ಬೋರ್ಡಿನ ಮೇಲೆ. ಒಳಗೆ ಒಂದು ಕಂಪ್ಯೂಟರ್, ಒಂದು ಮೈಕು, ಗೋಡೆಗೆ ಬಡಿದ ಹಳೆಯ ಗಾದಿಗಳು, ಅಷ್ಟೇ. ಕಾಲೇಜು ಹುಡುಗರು ರ‍್ಯಾಪ್ ಹಾಡಲು ಬರುತ್ತಾರೆ, ಅವರಿಗೆ ನಾನು ಬೀಟ್ ಮಾಡಿಕೊಡುತ್ತೇನೆ. ನಮ್ಮ ಮನೆ ಇರುವುದು ಬನಹಟ್ಟಿಯಲ್ಲಿ. ಪಕ್ಕದ ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದು, ಅದಕ್ಕೆ ಎದೆ ನಡುಗುವಂಥ ಬೇಸ್ ಹಾಕಿ ಮಾಡಿದ ಬೀಟುಗಳು ಹುಡುಗರಿಗಿಂತ ಹೆಚ್ಚಾಗಿ ಕಬ್ಬಿನ ಟ್ರ್ಯಾಕ್ಟರಿನವರಿಗೆ ಹಿಡಿಸಿದವು. ನಮ್ಮ ಕಡೆ ಕಬ್ಬು ಹೊರುವ ಟ್ರ್ಯಾಕ್ಟರಿನವರಿಗೆ ಎಂಜಿನ್ನಿಗಿಂತ ಸ್ಪೀಕರಿನ ಮೇಲೆ ಮುತುವರ್ಜಿ ಹೆಚ್ಚು.

ಬೀಟ್ ಮಾಡುವವರಿಗೆಲ್ಲ ಒಂದು ಚಟವಿದೆ. ಹಾಡು ಶುರುವಾಗುವ ಮೊದಲು ಯಾರದಾದರೂ ದನಿಯಲ್ಲಿ ತಮ್ಮ ಹೆಸರು ಹೇಳಿಸುತ್ತಾರೆ. ಅಂಗಡಿಯವರು ಸೀರೆಯ ತುದಿಗೆ ಮುದ್ರೆ ಒತ್ತುವ ಹಾಗೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಎಲ್ಲರದೂ ಇಂಗ್ಲಿಷಿನಲ್ಲಿರುತ್ತಿತ್ತು, ನನಗೆ ಮಾತ್ರ ಒಡಪು ನೆನಪಾಯಿತು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೆಂಗಸರು ಅಡ್ಡಗಟ್ಟಿ ಕೇಳಿದಾಗ ಪ್ರಾಸವಿರುವ ಎರಡು ಸಾಲು ಕಟ್ಟಿ, ಹೆಸರನ್ನು ಅದರೊಳಗೆ ತೂರಿಸಿ ಹೇಳುತ್ತಾಳೆ. ಇದಕ್ಕಿಂತ ಒಳ್ಳೆಯ ರ‍್ಯಾಪ್ ಎಲ್ಲಿದೆ ಎಂದುಕೊಂಡು ನಾನೇ ಒಂದನ್ನು ಬರೆದೆ.

“ಬನಹಟ್ಟಿ ಮಗ್ಗದಾಗ ನೇದ ಕೆಂಪಂಚಿನ ಸೀರಿ,
ಇವರ ಹೆಸರ ಹೇಳೇನಿ, ಬಿಡರಿ ನನ್ನ ದಾರಿ.”

‘ಇವರ’ ಎಂದಿರುವ ಕಡೆ ನನ್ನ ಹೆಸರು. ಆಗ ನನಗೆ ಮದುವೆಯಾಗಿರಲಿಲ್ಲ. ಮದುವೆಯಾಗದ ಗಂಡಸಿನ ಹೆಸರಲ್ಲಿ ಒಡಪು ಹೇಳಿಕೊಡು ಎಂದು ಯಾವ ಹೆಣ್ಣುಮಗಳನ್ನು ಕೇಳಿದ್ದರೂ ಕಪಾಳಕ್ಕೆ ಬೀಳುತ್ತಿತ್ತು. ಹಾಗಾಗಿ ಎಐ ದನಿಯ ಮೊರೆ ಹೋದೆ. ಬರೆದದ್ದನ್ನು ಕೊಟ್ಟರೆ ಹೆಣ್ಣಿನ ದನಿಯಲ್ಲಿ ಹೇಳಿಬಿಡುತ್ತದೆ. ಮೊದಲು ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಹೇಳಿತು. ಸಿಟ್ಟು ಬಂದು ದನಿ ಬದಲಿಸುತ್ತಾ ಹೋದೆ. ಕೊನೆಗೊಂದು ದನಿ, ಯಾರೂ ಕಲಿಸದೆ, ನಮ್ಮ ಓಣಿಯ ಹೆಣ್ಣುಮಗಳ ಹಾಗೆ ‘ಬಿಡರಿ’ ಎಂದಿತು. ಅದರಲ್ಲಿ ತುಸು ನಾಚಿಕೆಯೂ ಇತ್ತು. ನನಗೆ ಮೈ ಜುಮ್ಮೆಂದಿತು, ಖುಷಿಯೂ ಆಯಿತು. ಅದನ್ನೇ ಎಲ್ಲ ಬೀಟುಗಳ ತಲೆಗೆ ಅಂಟಿಸಿದೆ.

ಆ ಕಬ್ಬಿನ ಹಂಗಾಮಿನಲ್ಲಿ ಆ ದನಿಯವಳು ಟ್ರ್ಯಾಕ್ಟರುಗಳ ಮೇಲೆ ಊರೂರು ತಿರುಗಿದಳು. ಮುಧೋಳದ ಚಹಾದಂಗಡಿಯಲ್ಲಿ ಒಬ್ಬರು, ಅಕಿ ಬೀಳಗಿ ಕಡೆಯಾಕಿ, ನಾ ನೋಡೇನಿ ಎಂದರು. ಬೀಳಗಿಗೆ ಹೋದಾಗ, ಮುಧೋಳದವರ ಮಗಳಂತ್ರೀ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದು ಹೇಳಿದರೆ ಅವ್ವ ನಗಲಿಲ್ಲ.

“ಯಾರಕಿ? ಖರೇ ಹೇಳು. ಮನಿತನದಾಕಿ ಆಗಿದ್ರ ಮಾಡಿಕೊಂಡಬಿಡು, ಹಿಂಗ ಊರ ಮುಂದ ಒದರಸಬ್ಯಾಡ” ಎಂದಳು.

ಯಾರೂ ಅಲ್ಲ, ಮಷಿನ್ನು ಎಂದೆ. ಅವ್ವ ನಂಬಲಿಲ್ಲ, ಹೆಣ್ಣು ಹುಡುಕಲು ಶುರುಮಾಡಿದಳು. ಮುಂದೆ ತೇರದಾಳದ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಯಿತು.

ಮದುವೆ ಮುಗಿಸಿ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುವ ದಿನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಹೆಂಗಸರು ಬಾಗಿಲಿಗೆ ಕೈ ಅಡ್ಡ ಹಿಡಿದು, ಹೆಸರು ಹೇಳಿದರಷ್ಟೇ ಒಳಗೆ ಎಂದು ಕಾಡಿಸುತ್ತಿದ್ದರು. ಅವಳು ತಲೆ ಬಗ್ಗಿಸಿ, ಗಂಟಲು ಸರಿಮಾಡಿಕೊಂಡಳು. ಅವಳು ಒಡಪು ಕಟ್ಟಿಕೊಂಡು ಬಂದಿದ್ದಳೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಮನೆಯ ಮುಂದೆಯೇ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು, ಅವಳಿಗಿಂತ ಮೊದಲು ಸ್ಪೀಕರಿನಿಂದ ಆ ದನಿ ಹೇಳಿತು. ಸೀರಿ, ನನ್ನ ಹೆಸರು, ಬಿಡರಿ ನನ್ನ ದಾರಿ.

ಅಡ್ಡ ಹಿಡಿದಿದ್ದ ಕೈಗಳು ತಾವಾಗಿ ಕೆಳಗಿಳಿದವು. ಟ್ರ್ಯಾಕ್ಟರ್ ಮುಂದೆ ಹೋದ ಮೇಲೆ ಅವ್ವನೇ ಮುಜುಗರ ಮುರಿಯಲು, “ಹೇಳಿದ್ದಾತಲ್ಲ, ಒಳಗ ಬಾರವ್ವಾ” ಎಂದಳು. ಹೆಂಡತಿ ಸೇರು ಒದೆದು ಒಳಗೆ ಬಂದಳು. ಆದರೆ ಹೊಸ್ತಿಲ ಬಳಿ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತಳು, ತನಗಿಂತ ಮುಂದೆ ಯಾರೋ ಹೋಗಲಿ ಎನ್ನುವ ಹಾಗೆ. ನಾನು ಅದನ್ನು ನೋಡಿದೆ.

ಅಂದಿನಿಂದ ಅವಳು ಯಾರು ಎಷ್ಟು ಗೋಗರೆದರೂ ನನ್ನ ಹೆಸರು ಹೇಳಲಿಲ್ಲ. ಟ್ರ್ಯಾಕ್ಟರ್ ಬಂದರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ದನಿ ದಾಟಿ ಹೋಗುವವರೆಗೆ ಕಾದು, “ಅಕ್ಕ ಹ್ವಾದ್ಳು” ಎಂದು ಮತ್ತೆ ಬಡಿಯುತ್ತಿದ್ದಳು. ಸವತಿಯರಲ್ಲಿ ಚಿಕ್ಕವಳು ಹಿರಿಯಳನ್ನು ಕರೆಯುವುದು ಹಾಗೆಯೇ. ಮೊದಮೊದಲು ನಾನೂ ತಮಾಷೆ ಮಾಡಿದೆ. ಒಂದು ದಿನ ತಲೆಕೆಟ್ಟು, ಸ್ಟುಡಿಯೋಗೆ ಕರೆದೊಯ್ದು ಕಂಪ್ಯೂಟರ್ ಮುಂದೆ ಅವಳನ್ನು ಕೂರಿಸಿದೆ.

“ನೋಡಿಲ್ಲೆ. ನಾ ಬರೀತೇನಿ, ಇದನ್ನ ಒತ್ತತೇನಿ, ಅದು ಮಾತಾಡತೈತಿ. ಯಾರೂ ಇಲ್ಲ ಇದರಾಗ.”

ಒತ್ತಿದೆ. ದನಿ ಬಂತು. ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಅಂದ್ರ ನೀವು ಕರದಾಗೊಮ್ಮೆ ಬರತಾಳ ಅಂದಂಗಾತು” ಎಂದಳು.

ಅಂದೇ ಟ್ಯಾಗನ್ನು ಅಳಿಸಿದೆ. ಆದರೇನು, ಅದು ಆಗಲೇ ಊರೂರಿನ ಪೆನ್ ಡ್ರೈವ್‌ಗಳಲ್ಲಿ ಕೂತಿತ್ತು. ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಗಾಡಿ ನಿಲ್ಲಿಸಿ ಗಾಳಿಗೆ ನಿಂತರೆ, ನದಿಯ ಆಚೆಯಿಂದಲೂ ಅವಳು ನನ್ನ ಹೆಸರು ಹೇಳುವುದು ಕೇಳಿಸುತ್ತಿತ್ತು. ನೀರಿನ ಮೇಲೆ ಹಾಯ್ದು ಬಂದ ಆ ದನಿ ಯಾರನ್ನೋ ಹುಡುಕುವ ಹಾಗಿರುತ್ತಿತ್ತು. ನಾನು ಅಲ್ಲಿ ನಿಲ್ಲುವುದನ್ನೇ ಬಿಟ್ಟೆ.

ಹೆಂಡತಿ ಬಸುರಾದಳು. ಹೆರಿಗೆಗೆ ತೇರದಾಳಕ್ಕೆ ಹೊರಟಾಗ, ಬಸ್ಸು ಬರುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದಳು.

“ಆ ಹೊಸಲ ನನಕಿಂತ ಮೊದಲ ದಾಟಿದಾಕಿ ಅಕಿ. ನನ್ನ ಕೂಸಿನ ಮ್ಯಾಲ ಅಕಿ ಕಣ್ಣ ಬೀಳಬಾರದು. ಅಕಿ ಹೆಸರಲೆ ಒಂದ ಬಿಲ್ಲಿ ಮಾಡಸಿ ತರ್ರಿ, ಕೊಳ್ಳಾಗ ಕಟಗೋತೇನಿ. ಇಲ್ಲಂದ್ರ ಕೂಸಿನ ತಗೊಂಡು ನಾ ಆ ಮನಿಗೆ ಬರಂಗಿಲ್ಲ.”

ಮೊದಲ ಹೆಂಡತಿ ತೀರಿಹೋದ ಮನೆಗೆ ಎರಡನೆಯವಳಾಗಿ ಬಂದವಳು, ಹೋದವಳ ಹೆಸರಲ್ಲಿ ಸಣ್ಣ ಬಂಗಾರದ ಬಿಲ್ಲೆಯನ್ನು ತಾಳಿಯ ಪಕ್ಕ ಕಟ್ಟಿಕೊಳ್ಳುವುದುಂಟು. ಹೋದವಳು ಕಾಡದಿರಲಿ ಎಂದು. ನನಗೆ ಕೆಟ್ಟ ಸಿಟ್ಟು ಬಂತು. ಬೈದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ, ಬಸ್ಸು ಹತ್ತಿ ಹೋದಳು. ಅವಳಿಲ್ಲದೆ ಕೆಲವು ದಿನ ಕಳೆದ ಮೇಲೆ ನನ್ನ ಸಿಟ್ಟು ಇಳಿಯಿತು. ಹೆಂಡತಿ ಮಗು ಇಲ್ಲದ ಮನೆ ನನಗೆ ಬೇಡವಾಗಿತ್ತು. ಒಂದು ಚೂರು ಬಂಗಾರದಿಂದ ಎಲ್ಲ ಮುಗಿಯುವುದಾದರೆ ಮುಗಿಯಲಿ ಎಂದು ಜಮಖಂಡಿಯ ಪತ್ತಾರರ ಅಂಗಡಿಗೆ ಹೋದೆ.

“ಯಾವಾಗ ತೀರಿಕೊಂಡ್ರರೀ?” ಎಂದು ಪತ್ತಾರರು ತಲೆ ಎತ್ತದೆ ಕೇಳಿದರು.

“ಹೋದ ವರ್ಷ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

“ಪಾಪ, ಸಣ್ಣ ವಯಸ್ಸಿರಬೇಕು.”

ನಾನು ಹೌದೆಂದೆ. ಅವರು ಮರುಕದಿಂದ ನನ್ನ ಕಡೆ ನೋಡಿದರು. ಹುಟ್ಟದೇ ಇದ್ದವಳಿಗಾಗಿ ನನಗೆ ನಿಜವಾಗಿಯೂ ದುಃಖವಾಯಿತು. ಅದು ಯಾಕೆಂದು ಇಂದಿಗೂ ನನಗೆ ಗೊತ್ತಿಲ್ಲ.

ಬಿಲ್ಲೆ ತೆಗೆದುಕೊಂಡು ತೇರದಾಳಕ್ಕೆ ಹೋದೆ. ಹೆಂಡತಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು.

“ಪತ್ತಾರಗ ಏನಂತ ಹೇಳಿದ್ರಿ?”

“ಸತ್ತಾಳಂತ ಹೇಳಿದೆ.”

“ನಿಮ್ಮ ಬಾಯಿಲೆ ಹೇಳಿದ್ರಿ?”

“ಹೇಳಿದೆ ಅಂದ್ನಲ್ಲ.”

ಅವಳ ಮುಖ ಅರಳಿತು. ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಂಡಳು. ತನ್ನದೇ ಒಡಪು ಹೇಳಿ, ಮೊದಲ ಸಲ ನನ್ನ ಹೆಸರು ಹಿಡಿದಳು. ಹೊಸ್ತಿಲಲ್ಲಿ ಹೇಳಬೇಕೆಂದು ಕಟ್ಟಿ ತಂದದ್ದಂತೆ. ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಬ್ಬಾ, ಗೆದ್ದೆ ಅನ್ನಿಸಿತು ನನಗೆ. ಆಗ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು:

“ಬದುಕಿರೂತನಕ ಹೆದರಿಕಿ ಇತ್ತು. ಇನ್ನಿಲ್ಲ. ಸತ್ತವರು ಎಲ್ಲೂ ಹೋಗಂಗಿಲ್ಲರೀ, ಮನ್ಯಾಗ ಹುಟ್ಟಿ ಬರತಾರ. ಅಕ್ಕ ಬರಲಿ. ಮಗಳ ಆದ್ರ ಅಕಿ ಹೆಸರ ಇಡೂಣು. ಏನರೀ ಅಕಿ ಹೆಸರ?”

ಸಾಫ್ಟ್‌ವೇರಿನಲ್ಲಿ ಆ ದನಿಗೆ ಒಂದು ನಂಬರ್ ಇತ್ತು. ಹೆಸರಿರಲಿಲ್ಲ. ಗೊತ್ತಿಲ್ಲ ಎಂದೆ. ಹುಟ್ಟದವಳು ಸಾಯಲಾರಳು, ಸಾಯದವಳು ಮತ್ತೆ ಹುಟ್ಟಲಾರಳು. ಸತ್ತಾಳೆ ಎಂದು ನನ್ನ ಬಾಯಿಂದಲೇ ಹೇಳಿ, ಆ ತೊಡಕನ್ನು ನಾನೇ ಬಿಡಿಸಿಕೊಟ್ಟು ಬಂದಿದ್ದೆ.

ಮಗಳೇ ಹುಟ್ಟಿದಳು. ಗುಂಡುಗುಂಡಾಗಿದ್ದಾಳೆ, ಹೆಂಡತಿ ಗೆಲುವಾಗಿದ್ದಾಳೆ, ಮನೆ ತುಂಬಿದೆ. ತೊಟ್ಟಿಲಿನಲ್ಲಿ ಬೇರೊಂದು ಹೆಸರಿಟ್ಟೆವು, ಆದರೆ ಹೆಂಡತಿ ಕರೆಯುವುದು ‘ಅಕ್ಕಾ’ ಎಂದೇ. ಹೆಣ್ಣುಕೂಸನ್ನು ಹಾಗೆ ಮುದ್ದಿಸುವುದು ನಮ್ಮಲ್ಲಿ ಸಹಜವಾದ್ದರಿಂದ ಯಾರಿಗೂ ಏನೂ ಅನ್ನಿಸುವುದಿಲ್ಲ. ಮಗು ಈಗ ಬಾಯಲ್ಲಿ ಏನೇನೋ ಸದ್ದು ಮಾಡುತ್ತಿದೆ, ಇನ್ನೇನು ಮಾತು ಬರುತ್ತದೆ. ಅವ್ವ ಎದುರು ಕೂತು ಚಪ್ಪಾಳೆ ತಟ್ಟಿ, ಅಪ್ಪ ಅನ್ನು, ಅಜ್ಜಿಗೆ ಆಯಿ ಅನ್ನು ಎಂದು ಹೇಳಿಕೊಡುತ್ತಾಳೆ. ಮಗು ಅವಳನ್ನು ಬಿಟ್ಟು ನನ್ನತ್ತಲೇ ನೋಡುತ್ತದೆ, ತುಸು ನಾಚಿದ ಹಾಗೆ ನಗುತ್ತದೆ, ಏನೋ ಹೇಳಲು ತುಟಿ ತೆರೆಯುತ್ತದೆ. ಆ ತುಟಿಯಿಂದ ನನ್ನ ಹೆಸರೇ ಬಂದೀತು ಎನ್ನಿಸಿ ನನಗೆ ಅಲ್ಲಿ ಕೂರಲಾಗುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗುತ್ತೇನೆ.