ಹೆಂಗಸರಿಲ್ಲದ ಪುಸ್ತಕ

ಒದಿಲಿಯಾ ಕರಸಾನಾ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ನನಗಿನ್ನೂ ಅವಳ ಮೇಲಿನ ಸಿಟ್ಟು ಇಳಿದಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯ ಮಾತಿನಿಂದ ಶುರು ಮಾಡಬೇಕು ಎನ್ನುತ್ತಾರೆ. ಅವಳಾದರೆ ನನ್ನ ಬಗ್ಗೆ ಹಾಗೆ ಶುರು ಮಾಡುತ್ತಿರಲಿಲ್ಲ.

ನಮ್ಮೂರು ಕಮಹುವಾನಿಯ ಚುರುಟು ಕಾರ್ಖಾನೆಯಲ್ಲಿ ನಾನು ಓದುಗಾರ್ತಿ, ಹೆಸರು ಮಗಾಲಿ. ಕೆಲಸಗಾರರು ಸಾಲುಸಾಲು ಮೇಜುಗಳಲ್ಲಿ ಕೂತು ಹೊಗೆಸೊಪ್ಪು ಸುತ್ತುತ್ತಾರೆ. ನಾನು ಎತ್ತರದ ಕಟ್ಟೆಯ ಮೇಲೆ ಕೂತು ಮೈಕಿನಲ್ಲಿ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತೇನೆ. ಯಾವ ಕಾದಂಬರಿ ಎಂದು ಕೈಯೆತ್ತಿ ಆರಿಸುವವರು ಅವರೇ. ಓದಿದ್ದು ಹಿಡಿಸಿದರೆ ಸೊಪ್ಪು ಕತ್ತರಿಸುವ ಬಾಗಿದ ಅಲಗಿನಿಂದ ಮೇಜು ಬಡಿಯುತ್ತಾರೆ, ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಎಸೆಯುತ್ತಾರೆ. ಒದಿಲಿಯಾಳ ಅಲಗು ನೆಲದ ಮೇಲೆ ಬಿದ್ದಿದ್ದೇ ಹೆಚ್ಚು.

ಲೋಕವೆಲ್ಲ ಹೊಗಳುವ ಯಾವ ಪುಸ್ತಕವೂ ಅವಳ ಮುಂದೆ ಮಾನ ಉಳಿಸಿಕೊಳ್ಳಲಿಲ್ಲ. ಗಾಳಿಗಿರಣಿಯ ಮೇಲೆ ಈಟಿ ಹಿಡಿದು ನುಗ್ಗುವ ಮುದುಕನ ಕಥೆಗೆ ಸಾಲೆಲ್ಲ ನಗುತ್ತಿದ್ದಾಗ, ಮನೆಗೆ ಬಂದ ಮೇಲೆ ಅವನ ಬಟ್ಟೆ ಒಗೆಯುವವರು ಯಾರು ಎಂದು ಕೇಳಿದಳು. ರೊಟ್ಟಿ ಕದ್ದು ಜೈಲು ಸೇರಿದವನ ಕಥೆಯಲ್ಲಿ, ಗಾಯಗೊಂಡ ಹುಡುಗನನ್ನು ಹೊತ್ತು ಚರಂಡಿಯೊಳಗೆ ನಡೆಯುವ ಭಾಗ ಬಂತು. ಹುಡುಗ ಬೆನ್ನ ಮೇಲೆ ಸಾಯುತ್ತಿದ್ದಾನೆ, ಈ ಬರೆಯುವ ಮನುಷ್ಯ ಮೋರಿಯ ಉದ್ದ ಅಳೆಯುತ್ತಾ ಕೂತಿದ್ದಾನೆ ಎಂದು ರೇಗಿದಳು. ಬೈಗುಳವೆಲ್ಲ ನನಗೆ, ನಾನೇ ಬರೆದೆನೋ ಎಂಬಂತೆ.

ರಷ್ಯದ ಹೆಂಗಸೊಬ್ಬಳು ರೈಲಿನಡಿ ಬೀಳುವ ಕಾದಂಬರಿ ಓದುವಾಗ ಇನ್ನೊಂದು ರಗಳೆಯಾಯಿತು. ಪಕ್ಕದ ಮೇಜಿನ ಏವೆಲಿಯೊ ಆ ಕಥೆಯನ್ನು ಸಿನಿಮಾದಲ್ಲಿ ನೋಡಿದ್ದವನು, ಕೊನೆ ಹೇಗೆಂದು ಮೊದಲೇ ಬಾಯಿಬಿಟ್ಟ. ನಮ್ಮಲ್ಲಿ ಇದು ದೊಡ್ಡ ಅಪರಾಧ. ತಪ್ಪು ಮಾಡಿದವರು ಸಾಲಿಗೆಲ್ಲ ಕಾಫಿ ಕುಡಿಸಬೇಕು. ಏವೆಲಿಯೊ ಕುಡಿಸಿದ. ಒದಿಲಿಯಾ ತನ್ನ ಲೋಟದ್ದನ್ನು ಕಿಟಕಿಯಾಚೆ ಚೆಲ್ಲಿದಳು. ಮೊಳಕೈ ತಾಗುವಷ್ಟು ಹತ್ತಿರ ಕೂತಿದ್ದೂ ಆ ವರ್ಷವೆಲ್ಲ ಅವನೊಡನೆ ಮಾತಾಡಲಿಲ್ಲ.

ಮುಂದಿನ ಪುಸ್ತಕ ಆರಿಸುವ ದಿನ ಎದ್ದು ನಿಂತಳು. "ಈ ಬರೆಯೋ ಗಂಡಸರ ಪುಸ್ತಕದಲ್ಲಿ ಹೆಂಗಸು ಪ್ರೀತಿ ಮಾಡಿದ್ರೂ ಸಾಯ್ತಾಳೆ, ಮಾಡದಿದ್ರೂ ಸಾಯ್ತಾಳೆ. ಹೆಂಗಸೇ ಇಲ್ಲದ್ದು ಒಂದು ತಾರೇ ಮಗಾಲಿ. ಇಲ್ಲದವಳನ್ನ ಅದು ಹೇಗೆ ಕೊಲ್ತಾರೋ ನೋಡೇಬಿಡೋಣ."

ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲವನ್ನು ಹುಡುಕಿಕೊಂಡು ಕಪ್ತಾನನೊಬ್ಬ ಕಡಲೆಲ್ಲ ಅಲೆಯುವ ದಪ್ಪ ಪುಸ್ತಕವನ್ನು ನಾನು ಸೂಚಿಸಿದೆ. ಹಡಗಿನ ತುಂಬ ಗಂಡಸರೇ. ಅವಳು ಸಾಲುಸಾಲಿಗೆ ಹೋಗಿ ಕೈಯೆತ್ತಿಸಿದಳು. ಆಮೇಲೆ ಕಾರ್ಖಾನೆಯೆಲ್ಲ ಅವಳನ್ನು ಶಪಿಸಿತು. ತಿಮಿಂಗಿಲದ ತಲೆ, ಬಾಲ, ಎಲುಬು, ಕೊಬ್ಬು ಕರಗಿಸುವ ಒಲೆ, ಎಷ್ಟು ಓದಿದರೂ ಮುಗಿಯದು. ಪುಟ ಹಾರಿಸುವುದು ನಮ್ಮ ಕಸುಬಿನಲ್ಲಿ ಮೋಸ, ಆದ್ದರಿಂದ ನಾನು ಹಾರಿಸಲಿಲ್ಲ.

ಇದೆಲ್ಲ ಶುರುವಾಗುವ ಮೊದಲೇ ಎಲ್ಲೋ ಒಂದು ಕಡೆ, ಬಂದುಹೋಗುವ ಮಾತಿನಲ್ಲಿ, ಆ ಕಪ್ತಾನನಿಗೆ ಊರಲ್ಲಿ ಚಿಕ್ಕ ಪ್ರಾಯದ ಹೆಂಡತಿಯಿದ್ದಾಳೆ ಎಂದು ಬಂತು. ಒದಿಲಿಯಾಳ ಕೈ ನಿಂತಿತು. ಅಲ್ಲಿಂದ ಅವಳಿಗೆ ತಿಮಿಂಗಿಲವೂ ಬೇಡ, ಸಮುದ್ರವೂ ಬೇಡ. ಆ ಮನುಷ್ಯ ಮನೆಗೆ ಹೋಗುತ್ತಾನೋ ಇಲ್ಲವೋ, ಅಷ್ಟು ತಿಳಿಯಬೇಕು. ಅವಳ ಸ್ವಂತ ಗಂಡ ಹಡಗಿನ ಅಡುಗೆಯವನಾಗಿ ಹೋದವನು ಯಾವುದೋ ಬಂದರಿನಲ್ಲಿ ಇಳಿದು ಅಲ್ಲೇ ಸಂಸಾರ ಹೂಡಿದ್ದ. ಅದಕ್ಕೂ ಇದಕ್ಕೂ ಗಂಟು ಹಾಕಬೇಡ ಎಂದು ನಾನು ಬಾಯಿ ತೆರೆಯುವ ಮೊದಲೇ ಗದರಿದಳು.

ಪುಸ್ತಕ ಅರ್ಧ ದಾಟುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದರು. ತಂಗಿ ಎನೆಯಿದಾ ಮಂಚವನ್ನು ಮುಂದಿನ ಕೋಣೆಯ ಕಿಟಕಿಯ ಬಳಿ ಹಾಕಿಸಿದಳು. ಕೆಲಸ ಮುಗಿಸಿ ಹೋಗಿ ಆ ದಿನದ ಭಾಗವನ್ನು ನಾನು ಅವಳಿಗೆ ಮತ್ತೆ ಓದುತ್ತಿದ್ದೆ. ಉಳಿದ ಪುಟಗಳನ್ನೂ ಅವಳ ಮುಖವನ್ನೂ ನೋಡಿದರೆ ಯಾವುದು ಮೊದಲು ಮುಗಿಯುತ್ತದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಒಂದು ಸಂಜೆ ತಡೆಯಲಾರದೆ ಕೇಳಿದೆ.

"ಆ ಕಪ್ತಾನ ಏನಾಗ್ತಾನೆ, ಹೇಳಿಬಿಡ್ಲೇನೇ?"

"ನೀನೂ ಏವೆಲಿಯೊ ಆಗ್ಬೇಡ. ಕೊಬ್ಬು ಕರಗಿಸೋದನ್ನೆಲ್ಲ ಹಲ್ಲು ಕಚ್ಕೊಂಡು ಕೇಳಿದೀನಿ. ಈಗ ಕೊನೆ ಮಾತ್ರ ಕದ್ದ ಮಾಲಿನ ಥರ ಕೈಗೆ ತುರುಕ್ತೀಯಾ? ಸಾಲಲ್ಲಿರೋರು ಎಲ್ಲೀವರೆಗೆ ಬಂದಿದಾರೋ ನಾನೂ ಅಲ್ಲೀವರೆಗೆ."

"ಅಲ್ಲೀವರೆಗೆ ನೀನು ಇರ್ಬೇಕಲ್ಲ ಮಾರಾಯ್ತಿ."

"ಹಾಗಾದ್ರೆ ಬೇಗ ಓದು."

ಮರುದಿನ ಕಟ್ಟೆಯ ಮೇಲಿಂದ ಇದನ್ನು ಇದ್ದ ಹಾಗೆ ಹೇಳಿದೆ. ಏವೆಲಿಯೊ ಎದ್ದು, ಪತ್ರಿಕೆ ಬಿಡಿ, ಬೆಳಿಗ್ಗೆಯೂ ತಿಮಿಂಗಿಲವನ್ನೇ ಓದಿ ಎಂದ. ಬೇಸ್‌ಬಾಲ್ ಪಂದ್ಯಾವಳಿ ಮುಗಿಯುತ್ತಾ ಬಂದಿದ್ದ ಕಾಲ ಅದು, ಎಲ್ಲರಿಗೂ ಪತ್ರಿಕೆಯ ಅಂಕಗಳು ಬೇಕಿದ್ದವು. ಆ ಪುಸ್ತಕವನ್ನು ಕಂಡರಾಗದ ಅಷ್ಟೂ ಜನ ಗೊಣಗುತ್ತಲೇ ಕೈಯೆತ್ತಿದರು.

ಕೊನೆಗೆ ಸಮುದ್ರ ಶಾಂತವಾಗಿರುವ ಅಧ್ಯಾಯ ಬಂತು. ಕಪ್ತಾನನಿಗೆ ಹೆಂಡತಿ, ಮಗ ನೆನಪಾಗುತ್ತಾರೆ. ಅವನ ಕೈಕೆಳಗಿನವನು, ಹಡಗು ತಿರುಗಿಸೋಣ, ಮನೆಗೆ ಹೋಗೋಣ ಎಂದು ಬೇಡಿಕೊಳ್ಳುತ್ತಾನೆ. ಸಂಜೆ ಅದನ್ನು ಓದುತ್ತಿದ್ದಂತೆ ಒದಿಲಿಯಾ ಮಂಚದ ಮೇಲೆ ಮೊಳಕೈ ಊರಿ ಅರ್ಧ ಎದ್ದಳು.

"ತಿರುಗಿಸ್ತಾನೆ ಕಣೇ."

ನಾನು ಪುಸ್ತಕ ಮುಚ್ಚಿ ಅವಳ ಕಡೆ ನೋಡಿದೆ.

"ಮುಖ ಹಾಗೆ ಮಾಡ್ಬೇಡ, ಗೊತ್ತಾಗಿಬಿಡುತ್ತೆ. ಆ ಕಡೆ ನೋಡು."

ನಾನು ಕಿಟಕಿಯ ಕಡೆ ನೋಡಿದೆ. ಮರುದಿನ ಬೆಳಿಗ್ಗೆ ಕಟ್ಟೆ ಹತ್ತುವ ಮೊದಲೇ ಎನೆಯಿದಾ ಫೋನು ಮಾಡಿದಳು.

ಅವನು ಹಡಗು ತಿರುಗಿಸಿದನೆಂದೇ ನಂಬಿ ಹೋದಳೋ, ನನ್ನ ಮುಖದಲ್ಲಿ ಉತ್ತರ ಕಂಡು ಹೋದಳೋ ನನಗೆ ತಿಳಿಯದು. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಇಂಥ ಹಟಮಾರಿಯ ಸ್ನೇಹ ಮಾಡಿದವರ ಪಾಡು ಇಷ್ಟೇ.

ಮಣ್ಣು ಮಾಡಿ ಬಂದ ಮೇಲೆ ಉಳಿದ ಪುಟಗಳನ್ನು ಓದಿದೆ. ಕಪ್ತಾನ ಸತ್ತ, ಹಡಗು ಮುಳುಗಿತು, ಸಮುದ್ರ ಮುಚ್ಚಿಕೊಂಡಿತು. ಯಾರೂ ಮೇಜು ಬಡಿಯಲಿಲ್ಲ. ಏವೆಲಿಯೊ ಎದ್ದು ನಿಂತ.

"ಅವನ ಹೆಂಡ್ತಿ ಏನಾದ್ಲು?"

ಕೊನೆಯ ಹಾಳೆ ಮಗುಚಿ ನೋಡಿದೆ. ಹಿಂದೆ ಖಾಲಿ.

"ಬರೆದಿಲ್ಲ," ಎಂದೆ ಮೈಕಿನಲ್ಲಿ.

ಅವನು ಪಕ್ಕದ ಮೇಜಿನ ಖಾನೆ ತೆರೆದು ಒದಿಲಿಯಾಳ ಅಲಗು ತೆಗೆದು ನೆಲಕ್ಕೆ ಎಸೆದ. ಆಮೇಲೆ ತನ್ನದನ್ನು ಎಸೆದ. ಆ ಸಾಲಿನವರು ಎಸೆದರು, ಹಿಂದಿನ ಸಾಲಿನವರು ಎಸೆದರು. ಕಲ್ಲುನೆಲದ ಮೇಲೆ ಆ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ನನ್ನ ಬಳಿ ಅಲಗಿರಲಿಲ್ಲ. ಪುಸ್ತಕವನ್ನೇ ಎಸೆದೆ.

ಕಾರ್ಖಾನೆಯ ಪುಸ್ತಕ ಅದು. ಬೆನ್ನು ಕಿತ್ತುಬಂದಿದೆ. ಅಂಟಿಸಬೇಕು.