ನಡುವಿನ ಚೆಂಡು

ಟೆನಿಸ್ ಆಡಿ ಹೊಟ್ಟೆ ಹೊರೆದವನು ನಾನು ಎಂದರೆ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ಉಟಗಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹದಿಮೂರು ವರ್ಷ ಆಡಿದೆ, ಅದೂ ಡಬಲ್ಸ್ ಮಾತ್ರ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ.

ಅರವತ್ತರ ದಶಕದ ಆರಂಭದಲ್ಲಿ ನಮ್ಮ ಕುರಿಗಳೆಲ್ಲ ಅಣ್ಣಂದಿರ ಪಾಲಿಗೆ ಹೋದವು. ನಾನು ತಾಲೂಕಿನ ಊರು ಜತ್ತಿಗೆ ಬಂದು, ಊರ ಹೊರಗಿನ ಹೆಂಚಿನ ಕ್ಲಬ್ಬೊಂದರಲ್ಲಿ ಕೆಲಸಕ್ಕೆ ಸೇರಿದೆ. ಕ್ಲಬ್ಬಿನ ಮುಂದೆ ಮುರುಮಿನ, ಅಂದರೆ ಗರಸು ಮಣ್ಣು ಹಾಸಿದ, ಟೆನಿಸ್ ಅಂಗಳ. ಅದಕ್ಕೆ ನೀರು ಹೊಡೆಯುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು, ಹರಿದ ನೆಟ್ಟನ್ನು ಕಂಬಳಿ ನೂಲಿನಿಂದ ಹೊಲಿಯುವುದು. ನನ್ನ ಜೊತೆ ಕುಣಿಕೋಣೂರಿನವನೊಬ್ಬ ಇದ್ದ, ನನಗಿಂತ ಮೂರು ವರ್ಷ ದೊಡ್ಡವನು. ಮಧ್ಯಾಹ್ನ ಯಾರೂ ಇಲ್ಲದಾಗ ನಾವಿಬ್ಬರೂ ಸಾಹೇಬರು ಎಸೆದ ಮುರುಕು ರ‍್ಯಾಕೆಟ್ ಹಿಡಿದು ಗೋಡೆಗೆ ಚೆಂಡು ಬಡಿಯುತ್ತಿದ್ದೆವು. ಎರಡು ವರ್ಷದಲ್ಲಿ ತಾಲೂಕಿನಲ್ಲೇ ನಮ್ಮಷ್ಟು ಚಲೋ ಆಡುವವರು ಇರಲಿಲ್ಲ. ಸುಳ್ಳಲ್ಲ.

ಆಗ ನಮ್ಮನ್ನು ಮಾರ್ಕರ್ ಮಾಡಿದರು. ಮಾರ್ಕರ್ ಎಂದರೆ ಸಂಬಳಕ್ಕೆ ಆಡುವವನು. ಸಾಹೇಬರಿಗೆ ಜೋಡಿ ಬೇಕಾದರೆ ಜೋಡಿ, ಎದುರಾಳಿ ಬೇಕಾದರೆ ಎದುರಾಳಿ, ಆಟ ಮುಗಿದ ಮೇಲೆ ಟವಲ್ ಹಿಡಿಯುವ ಆಳು. ಮೊದಲ ಸಲ ರ‍್ಯಾಕೆಟ್ಟನ್ನು ಮನೆಗೆ ಒಯ್ದಾಗ ಅವ್ವ ಅದರ ತಂತಿ ಮುಟ್ಟಿ ನೋಡಿ, ಇದು ಯಾತರದ್ದು ಎಂದು ಕೇಳಿದಳು. ಕುರಿಯ ಕರುಳಿನದು ಎಂದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಕುರಿ ಕಾಯೂದು ಬಿಟ್ಟು ಅದರ ಕರುಳಿಲೆ ಚೆಂಡ ಬಡಿಯಾಕ ಹೋದಿಯೇನು? ನಿನಗ ಚಲೋ ಆಗೂದಿಲ್ಲ ನೋಡು," ಎಂದಳು.

ಅವ್ವನ ಮಾತಿಗೆ ನಾನು ಆಗ ನಕ್ಕಿದ್ದೆ.

ನನ್ನ ಪಾಲಿಗೆ ಬಂದ ಸಾಹೇಬ ಕ್ಲಬ್ಬಿನ ಸೆಕ್ರೆಟರಿ, ನಿವೃತ್ತ ಅಧಿಕಾರಿ. ಬಿಳಿ ಪ್ಯಾಂಟಿನ ಮೇಲೆ ಹೊಟ್ಟೆ ಇಳಿಬಿಟ್ಟುಕೊಂಡು, ಬಾಯಿತುಂಬ ಎಲೆ ಅಡಿಕೆ ತುಂಬಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದ. ನಾನು ಹಾಕಿದ ಸುಣ್ಣದ ಗೆರೆಯ ಮೇಲೆಯೇ ಉಗುಳುತ್ತಿದ್ದ, ಥೂ! ಚೆಂಡು ತಪ್ಪಿದಾಗಲೆಲ್ಲ ಮುರುಮು ಸರಿಯಾಗಿ ಹಾಸಿಲ್ಲ ಎಂದು ನನ್ನನ್ನೇ ಬಯ್ಯುತ್ತಿದ್ದ. ಕುಣಿಯಲು ಬಾರದವಳಿಗೆ ಅಂಗಳ ಡೊಂಕು. ಅವನ ಬೆವರಿನ ಟವಲ್ಲು ನನ್ನ ಹೆಗಲ ಮೇಲೆ ಇರಬೇಕು, ಅದರ ನಾತ ಮನೆಗೆ ಹೋಗಿ ಮೈ ತೊಳೆದರೂ ಹೋಗುತ್ತಿರಲಿಲ್ಲ. ಅವನು ನನ್ನನ್ನು ಮಿರಜಿಗೆ, ವಿಜಾಪುರಕ್ಕೆ, ಪಂಢರಪುರಕ್ಕೆ ಪಂದ್ಯಗಳಿಗೆ ಕರೆದೊಯ್ದ. ತಾನು ಜೀಪಿನಲ್ಲಿ, ನಾನು ಎಸ್.ಟಿ. ಬಸ್ಸಿನಲ್ಲಿ. ಗೆದ್ದ ಕಪ್ಪುಗಳೆಲ್ಲ ಅವನ ಮನೆಯ ಕಪಾಟು ಸೇರಿದವು. ನಾನೊಬ್ಬನೇ ಸಿಂಗಲ್ಸ್ ಆಡಲೇ ಎಂದು ಒಮ್ಮೆ ಕೇಳಿದ್ದಕ್ಕೆ, ಆಳಿಗೆ ಅಂಗಳದ ಅರ್ಧವೇ ಹೆಚ್ಚು ಎಂದ.

ಡಬಲ್ಸಿನಲ್ಲಿ ಇಬ್ಬರ ನಡುವೆ ಬರುವ ಚೆಂಡೇ ಮುಖ್ಯ. ನಾನು ಎಡಕ್ಕೆ, ಸಾಹೇಬ ಬಲಕ್ಕೆ. ನಡುವಿನ ಚೆಂಡು ನನ್ನ ಬಲಗೈಗೆ ತಾನಾಗಿ ಬಂದು ಬೀಳುತ್ತದೆ, ಅವನು ಮೈ ತಿರುಚಿಕೊಂಡು ಹೊಡೆಯಬೇಕು. ಆದರೆ ನಮ್ಮ ಕ್ಲಬ್ಬಿನ ರೂಢಿಯೇ ಬೇರೆ. ನಡುವಿನ ಚೆಂಡು ಸಾಹೇಬನದು. ಮಾರ್ಕರ್ ಹಿಂದೆ ಸರಿದು, "ಸಾಹೇಬ, ಆಪಲಾ" ಎಂದು ಮರಾಠಿಯಲ್ಲಿ ಕೂಗಬೇಕು, ಅಂದರೆ ಚೆಂಡು ತಮ್ಮದು ಎಂದು. ಅವನು ಹೊಡೆದದ್ದು ನೆಟ್ಟಿಗೆ ಬಿದ್ದರೆ ಮುಂದಿನ ಚೆಂಡಿಗೆ ನಾನು ಸತ್ತು ಸುಣ್ಣವಾಗಿ ಓಡಿ ಆ ನಷ್ಟ ತುಂಬಬೇಕು. ದಿನಕ್ಕೆ ಎಷ್ಟು ಸಲ ಕೂಗಿದೆನೋ ಶಿವನೇ ಬಲ್ಲ. ಕುಣಿಕೋಣೂರಿನವನು ಮಾತ್ರ ಕೂಗುವ ಮೊದಲು ಹಲ್ಲು ಕಡಿಯುತ್ತಿದ್ದ. ನನಗೆ ಹಲ್ಲು ಕಡಿಯುವುದೂ ಮರೆತುಹೋಗಿತ್ತು.

ಎಪ್ಪತ್ತರ ದಶಕ ಶುರುವಾದ ಮೇಲೆ ಸೊಲ್ಲಾಪುರದ ಕಡೆಯ ಒಂದು ದೊಡ್ಡ ಕ್ಲಬ್ಬಿನವರು ಮಾರ್ಕರುಗಳಿಗಾಗಿಯೇ ಡಬಲ್ಸ್ ಪಂದ್ಯ ಇಟ್ಟರು. ಗೆದ್ದ ಜೋಡಿಗೆ ಅಲ್ಲಿಯೇ ಆಟ ಕಲಿಸುವ ಕಾಯಂ ನೌಕರಿ. ಕಲಿಸುವವನು ಟವಲ್ ಹಿಡಿಯುವುದಿಲ್ಲ. ನಾವಿಬ್ಬರೂ ನಮ್ಮ ನಮ್ಮ ಸಾಹೇಬರ ಕಾಲು ಹಿಡಿದು ನಾಲ್ಕು ದಿನ ರಜೆ ಪಡೆದೆವು. ಬಸ್ಸಿನಲ್ಲಿ ಅವನು, ತನಗೆ ಮೊಣಕಾಲು ನೋವು ಶುರುವಾಗಿದೆ, ಇನ್ನೊಂದು ವರ್ಷಕ್ಕಿಂತ ಹೆಚ್ಚು ಆಡಲಾರೆ, ಇದೇ ಕಡೆಯ ದಾರಿ ಎಂದು ಹೇಳಿದ.

ಅಲ್ಲಿ ನಾವು ಆಡಿದ ಆಟವನ್ನು ನೀವು ನೋಡಬೇಕಿತ್ತು. ಮೂರು ಜೋಡಿಗಳನ್ನು ಸೋಲಿಸಿ ಫೈನಲ್ಲಿಗೆ ಬಂದೆವು. ಪಕ್ಕದಲ್ಲಿ ನಿಂತು ಯಾರೂ ಬಯ್ಯದೆ, ಯಾರಿಗೂ ಜಾಗ ಬಿಡದೆ ಆಡಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಫೈನಲ್ಲಿನ ಮೂರನೆಯ ಸೆಟ್ಟಿನಲ್ಲಿ ಎದುರಿನವರಿಗೆ ಗೆಲ್ಲಲು ಒಂದೇ ಪಾಯಿಂಟ್ ಬೇಕಿತ್ತು. ಆದರೆ ಅವರಲ್ಲಿ ಒಬ್ಬನ ಕಾಲು ಹಿಡಿದುಕೊಂಡಿತ್ತು, ಕುಂಟುತ್ತಿದ್ದ. ಆ ಒಂದು ಪಾಯಿಂಟ್ ಉಳಿಸಿಕೊಂಡರೆ ಆಟ ನಮ್ಮದೇ ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕುಂಟುತ್ತಿದ್ದವನು ಹೇಗೋ ಒಂದು ಚೆಂಡನ್ನು ಎತ್ತಿ ಕಳಿಸಿದ. ಮೆಲ್ಲಗೆ ಬಂತು, ನಮ್ಮಿಬ್ಬರ ನಡುವೆ, ನನ್ನ ಬಲಗೈಗೆ. ಕಣ್ಣು ಮುಚ್ಚಿ ಹೊಡೆದರೂ ಮುಗಿಯುವ ಚೆಂಡು. ಕುಣಿಕೋಣೂರಿನವನು ಅದು ನನ್ನದೆಂದು ನಿಶ್ಚಿಂತನಾಗಿ ನೆಟ್ಟಿನ ಕಡೆ ನಡೆದಿದ್ದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಸಾಹೇಬ, ಆಪಲಾ!" ಎಂದು ಕೂಗಿದೆ.

ಚೆಂಡು ಎರಡು ಸಲ ಪುಟಿದು ಬೇಲಿಯ ಕಡೆ ಉರುಳಿತು, ಪಂದ್ಯ ಅವರದಾಯಿತು. ಕುರ್ಚಿಗಳ ಸಾಲಿನಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು. ಕುಣಿಕೋಣೂರಿನವನು ನನ್ನನ್ನು ಹೊಡೆದಿದ್ದರೆ ಚಲೋ ಇತ್ತು. ಅವನು ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ನಾ ನಿನ್ನ ಸಾಹೇಬ ಅಲ್ಲೋ."

ಅವನು ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಬಸ್ಸಿನಿಂದ ಇಳಿದವನೇ ಊರಿಗೆ ಹೋಗಿ ಬೇಸಾಯ ಹಿಡಿದ. ನಾನು? ನಾನು ಮರುದಿನವೇ ಮುರುಮಿಗೆ ನೀರು ಹೊಡೆಯುತ್ತಿದ್ದೆ, ನಾಚಿಕೆಗೆಟ್ಟವನು.

ಸುದ್ದಿ ನನಗಿಂತ ಮುಂಚೆ ಜತ್ತಿಗೆ ತಲುಪಿತ್ತು. ಆ ರವಿವಾರ ಸಾಂಗಲಿಯಿಂದ ಅತಿಥಿಗಳು ಬಂದಿದ್ದರು. ಸಾಹೇಬ ಅವರ ಮುಂದೆ ಇಡೀ ಕತೆಯನ್ನು ನಾನು ಹಿಂದೆ ಸರಿದ ಹೆಜ್ಜೆಗಳ ಸಮೇತ ಆಡಿ ತೋರಿಸಿದ. ಅವನಿಗೆ ಎಂಥ ಹೆಮ್ಮೆ! ಕಪಾಟಿಗೆ ಹೊಸ ಕಪ್ಪು ಬಂದಷ್ಟು ಹೆಮ್ಮೆ.

"ನೋಡ್ರಿ, ತಾಲೀಮು ಅಂದ್ರ ಹಿಂಗಿರಬೇಕು. ನಾ ಇಲ್ಲದಾಗೂ ನನಗ ಚೆಂಡು ಬಿಟ್ಟಾನ," ಎಂದ.

ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಗಲ ಮೇಲೆ ಅವನ ಟವಲ್ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ ನಾನೂ ನಕ್ಕೆ. ಸಾಹೇಬ ಸತ್ತು ಎಷ್ಟೋ ವರ್ಷವಾಯಿತು, ಅವನ ಮೇಲಿನ ಹೇಸಿಗೆ ಅವನ ಜೊತೆಗೇ ಹೋಯಿತು. ನಾನು ಅಂದು ನಕ್ಕದ್ದು ಮಾತ್ರ ಇನ್ನೂ ನನಗೆ ಕೇಳಿಸುತ್ತದೆ.