ಬೇಲಿಯಾಚೆಯ ಡಾಕ್ಟರು

ಹೊಸಪೇಟೆಯ ದನದ ಡಾಕ್ಟರು ಅಂದಾನಪ್ಪನವರಿಗೆ ಸಿಟ್ಟು ಬರುವುದು ಎಂಬುದಿಲ್ಲ. ಅದು ಸದಾ ಬಂದೇ ಇರುತ್ತದೆ. ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುವ ದೊಡ್ಡಬೇನೆಯ ವಿಷಾಣು ಸೂಕ್ಷ್ಮದರ್ಶಕಕ್ಕೂ ಸಿಗುವುದಿಲ್ಲವೆಂದು ಅದರ ಮೇಲೆ ಸಿಟ್ಟು. ಸಂಶೋಧನೆಗಾಗಿ ಮದ್ರಾಸಿಗೆ ಕಳಿಸಲು ಒಂದು ಸೀಸೆ ರಕ್ತ ಕೇಳಿದರೆ ಗೋಹತ್ಯೆ ಎನ್ನುವವರ ಮೇಲೆ ಸಿಟ್ಟು. ಬೇನೆ ಬಿದ್ದ ಎತ್ತಿಗೆ ಅರಿಶಿನ ಬಳಿದು, ಮಾರಿ ತೊಲಗಲೆಂದು ಪಕ್ಕದೂರಿನ ಎಲ್ಲೆಗೆ ಅಟ್ಟಿ ಬರುತ್ತಾರಲ್ಲ, ಅದನ್ನು ಕಂಡರಂತೂ ಮೈಯೆಲ್ಲ ಉರಿ. ಹಾಗೆ ಹೊರಟ ಮಲಪನಗುಡಿಯವರನ್ನು ಎಲ್ಲೆಕಲ್ಲಿನ ಹತ್ತಿರ ತಡೆದು, "ಗಡಿ ನಿಮಗೈತಿ, ಬ್ಯಾನಿಗೈತೇನ್ರಲೇ?" ಎಂದು ಕೊಡೆ ಬೀಸಿದ್ದರು. "ಇಲ್ಲೇ ಇಟ್ಕಂಡ್ರ ನಮ್ಮವು ಸಾಯ್ತಾವಲ್ರೀ" ಎಂದರೆ, "ಆ ಊರಿನವರವು ಹಂಪಿಯ ಕಲ್ಲುಬಸವಣ್ಣಗಳೇನ್ರಲೇ?" ಬೇನೆಯ ಕಾಲದಲ್ಲಿ ಅವರು ಆಸ್ಪತ್ರೆಯಲ್ಲೇ ಮಲಗುತ್ತಾರೆ, ಬೇನೆ ತಮ್ಮ ಬೂಟಿಗೆ ಅಂಟಿಕೊಂಡು ಬಂದೀತೆಂದು ಸ್ವಂತ ಮನೆಯ ಬೇಲಿಯನ್ನೂ ದಾಟುವುದಿಲ್ಲ. ಸಂಜೆ ಬೀದಿಯಲ್ಲೇ ನಿಂತು, "ಕರುವಿನ ಮೂಗು ತೇವ ಐತೇನ, ಜ್ವರಕ್ಕ ಒಣಗಿಲ್ಲಲ್ಲ?" ಎಂದು ಹೆಂಡತಿ ಜಂಬಮ್ಮನನ್ನು ಗದರುತ್ತಾರೆ. ಆ ದನಿಯ ಗುರುತು ಹಿಡಿದು ಕರು 'ಅಂಬಾ' ಎಂದು ಹಗ್ಗ ಜಗ್ಗಿದರೆ, "ಅದನ್ನ ಒಳಗ ಕಟ್ಟೇ!" ಎಂದು ಇನ್ನೂ ಜೋರಾಗಿ ಕೂಗಿ, ಮುಖ ತಿರುಗಿಸಿಕೊಂಡು ಹೊರಟುಬಿಡುತ್ತಾರೆ.